ಬೆರಿಲ್ ಗ್ರಿಮ್‌ಶಾಳ ಒಣ ಟವೆಲ್

ನಮ್ಮ ಥಾರ್ನ್‌ಬೆಕ್‌ನಲ್ಲಿ ಬೆರಿಲ್ ಗ್ರಿಮ್‌ಶಾಳ ಕೈಯ ಕಸ್ಟರ್ಡ್ ತಿನ್ನದೆ ದೊಡ್ಡವರಾದವರು ಕಡಿಮೆ. ಮುದುಕಿಯಾಗುವವರೆಗೂ ಆಕೆ ಇಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸಿದವಳು. ಆ ಹಳದಿ ಕಸ್ಟರ್ಡಿನಲ್ಲಿ ಚಮಚ ನೆಟ್ಟರೆ ಧ್ವಜಕಂಬದ ಹಾಗೆ ನಿಲ್ಲುತ್ತಿತ್ತು. ಒಂದು ಚಳಿಗಾಲ ಶಾಲೆಯ ಮಾಡಿನ ಹೆಂಚು ಜಾರಿದಾಗ ರಿಪೇರಿಯವನು ಬರುವ ತನಕ ಇರಲಿ ಎಂದು ಅದನ್ನೇ ಮೆತ್ತಿದರಂತೆ. ಆಮೇಲೆ ಬೀಸಿದ ಬಿರುಗಾಳಿಗೆ ಪಕ್ಕದ ಚರ್ಚಿನ ಗೋಪುರ ಓರೆಯಾಯಿತೇ ಹೊರತು ಆ ಹೆಂಚು ಇವತ್ತಿಗೂ ಅಲ್ಲಾಡಿಲ್ಲ.

ಆದರೆ ಆಕೆ ಊರಿನಲ್ಲಿ ಹೆಸರಾದದ್ದು ಕಸ್ಟರ್ಡಿನಿಂದಲ್ಲ, ಮತ ಹಾಕದೆ ಇದ್ದದ್ದರಿಂದ.

ರಾಜಕೀಯ ಬೇಡವಾಗಿ ಹಾಗೆ ಮಾಡಿದಳೆಂದು ತಿಳಿಯಬೇಡಿ. ಬೆರಿಲ್ ಹುಟ್ಟಿನಿಂದ ಕೆಂಪು ಪಕ್ಷದವಳು, ಅಂದರೆ ಕಾರ್ಮಿಕರ ಪಕ್ಷ. ಅವಳಪ್ಪ ಚಪ್ಪಲಿ ಕಾರ್ಖಾನೆಯ ಕಾರ್ಮಿಕ ಸಂಘದವನು. ಮಗಳ ತೊಟ್ಟಿಲಿಗೂ ಕೆಂಪು ಬಣ್ಣವೇ ಬಳಿದಿದ್ದ. ಅಂಥವಳು ಹೋಗಿ ಮದುವೆಯಾದದ್ದು ಕ್ಲಿಫ್ ಗ್ರಿಮ್‌ಶಾನನ್ನು. ಕ್ಲಿಫ್ ಮನೆಮನೆಗೆ ಗ್ಯಾಸ್ ಒಲೆ, ಬಾಯ್ಲರ್ ಜೋಡಿಸಿಕೊಡುವ ಕೆಲಸದವನು, ಅಂಗಡಿಯವನ ಮಗ, ಎದುರಿನ ನೀಲಿ ಪಕ್ಷದ ಅಪ್ಪಟ ಭಕ್ತ. ಇವರಿಬ್ಬರಿಗೆ ಪ್ರೀತಿ ಹುಟ್ಟಿದ್ದು ನೃತ್ಯದ ಹಾಲ್‌ನಲ್ಲಿ, ಬ್ಯಾಂಡಿನ ಗಲಾಟೆಯಲ್ಲಿ. ಅಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಕೇಳಿಸಿದ್ದರೆ ಇವತ್ತು ನನಗೆ ಬರೆಯಲು ಏನೂ ಇರುತ್ತಿರಲಿಲ್ಲ.

ಅವರು ಮದುವೆಯಾದ ವರ್ಷ ದೇಶಕ್ಕೂ ತಲೆ ನೆಟ್ಟಗಿರಲಿಲ್ಲ; ಒಂದೇ ವರ್ಷದಲ್ಲಿ ಎರಡು ಸಲ ಮಹಾಚುನಾವಣೆ ನಡೆಯಿತು. ಮೊದಲನೆಯದಕ್ಕೆ ಗಂಡ ಹೆಂಡತಿ ಒಂದೇ ಕೊಡೆಯಡಿ ಜಗಳವಾಡುತ್ತ ಹೋಗಿ, ಒಂದೊಂದು ಮತ ಹಾಕಿ, ಜಗಳವಾಡುತ್ತಲೇ ನೆನೆದು ಬಂದರು. ಇಬ್ಬರಿಗೂ ನೆಗಡಿ. ಎರಡನೆಯದು ಬರುವ ಹೊತ್ತಿಗೆ ಕ್ಲಿಫ್ ಪತ್ರಿಕೆಯಲ್ಲಿ ಒಂದು ಸಂಗತಿ ಓದಿದ್ದ. ಪಾರ್ಲಿಮೆಂಟಿನಲ್ಲಿ ಎದುರುಬದುರು ಪಕ್ಷದ ಇಬ್ಬರು ಸದಸ್ಯರು, ನೀನೂ ಬರಬೇಡ ನಾನೂ ಬರುವುದಿಲ್ಲ ಎಂದು ಮಾತಾಡಿಕೊಂಡು ಮತದಾನದ ದಿನ ಆರಾಮಾಗಿ ಹೊರಗುಳಿಯುವ ಪದ್ಧತಿ ಇದೆ. ಜೋಡಿ ಕಟ್ಟುವುದು ಎನ್ನುತ್ತಾರೆ. ಒಂದು ಮತ ಇನ್ನೊಂದನ್ನು ತಿಂದುಹಾಕುವುದರಿಂದ ಯಾರಿಗೂ ನಷ್ಟವಿಲ್ಲ.

"ದೊಡ್ಡ ಮನುಷ್ಯರೇ ಹಾಗೆ ಮಾಡ್ತಾರೆ ಕಣೇ," ಎಂದ ಕ್ಲಿಫ್. "ನಾವ್ಯಾಕೆ ನೆನೀಬೇಕು?"

ಅಡುಗೆಮನೆಯಲ್ಲಿ ನಿಂತು ಇಬ್ಬರೂ ಕೈ ಕುಲುಕಿದರು. ಮತದಾನದ ದಿನ ಬಸ್ಸು ಹಿಡಿದು ಮೋರ್ಕಂಬ್ ಸಮುದ್ರತೀರಕ್ಕೆ ಹೋಗಿ, ಮೀನು ಮತ್ತು ಚಿಪ್ಸ್ ತಿಂದು ಬಂದರು. ಅಂದಿನಿಂದ ಎಂಥ ಚುನಾವಣೆ ಬರಲಿ, ಪುರಸಭೆಯದೋ ಪಾರ್ಲಿಮೆಂಟಿನದೋ, ಗ್ರಿಮ್‌ಶಾ ದಂಪತಿ ಮೋರ್ಕಂಬ್‌ನಲ್ಲಿ. ಯೂರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಇಡೀ ದೇಶ ಕಚ್ಚಾಡಿದ ವರ್ಷ ಮಾತ್ರ ಸ್ವಲ್ಪ ತೊಂದರೆಯಾಯಿತು. ಆ ವಿಷಯದಲ್ಲಿ ತಾವಿಬ್ಬರೂ ಒಂದೇ ಕಡೆ ಇದ್ದೇವೋ ಏನೋ ಎಂಬ ಅನುಮಾನ ಇಬ್ಬರಿಗೂ ಬಂತು. ಕೇಳಿ ತಿಳಿದುಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ. ಸುಮ್ಮನೆ ಮೋರ್ಕಂಬ್‌ಗೆ ಹೋದರು.

ಮತ ಹಾಕದಿದ್ದರೇನು, ವಾದಕ್ಕೆ ಕೊರತೆಯಿರಲಿಲ್ಲ. ಸಂಜೆಯ ಟೀವಿ ವಾರ್ತೆ ಆ ಮನೆಯಲ್ಲಿ ಕುಸ್ತಿಯ ಅಖಾಡ. ಮುದುಕರಿಗೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಸರ್ಕಾರ ಕೊಡುತ್ತಿದ್ದ ಹಣವನ್ನು ಕಿತ್ತುಕೊಂಡದ್ದು, ಬೈಗುಳ ತಿಂದು ಮುಕ್ಕಾಲು ಮಂದಿಗೆ ಹಿಂದಿರುಗಿಸಿದ್ದು, ಕಡಲು ದಾಟಿ ವಲಸಿಗರನ್ನು ತರುವ ರಬ್ಬರ್ ದೋಣಿಗಳು, ಏರುವ ತೆರಿಗೆ, ರಸ್ತೆಯ ಗುಂಡಿ, ಎಲ್ಲದಕ್ಕೂ ಇಬ್ಬರ ಬಳಿ ಎರಡು ಉತ್ತರ. ನಮ್ಮ ಮನೆಗಳ ನಡುವೆ ಒಂದೇ ಗೋಡೆ, ಅದೂ ತೆಳು. ನಾನು ಟೀವಿ ಕೊಳ್ಳದೆಯೇ ದೇಶದ ಆಗುಹೋಗು ತಿಳಿದುಕೊಂಡದ್ದು ಹೀಗೆ. ಈಚೆಗೆ ತಿಳಿನೀಲಿ ಪಕ್ಷ, ಹಸಿರು ಪಕ್ಷ, ಕಿತ್ತಳೆ ಪಕ್ಷ ಎಂದು ಬಣ್ಣದಂಗಡಿಯೇ ಎದ್ದು ಬಾಗಿಲಿಗೆ ಬರುತ್ತದಲ್ಲ, ಅವರನ್ನು ಕಂಡರೆ ಮಾತ್ರ ಗಂಡ ಹೆಂಡತಿ ಒಂದಾಗುತ್ತಿದ್ದರು. ಜಗಳಕ್ಕೆ ಎರಡು ಬಣ್ಣ ಸಾಕು, ಮೂರನೆಯದು ಬಂದರೆ ಮನೆ ನಡೆಯುವುದಿಲ್ಲ ಎಂಬುದು ಅವರ ನಿಲುವು.

ಇನ್ನು ಬೆರಿಲ್‌ಳ ಮಂಡಿ. ದೊಡ್ಡ ಕಸ್ಟರ್ಡ್ ಪಾತ್ರೆಗಳನ್ನು ಎತ್ತಿ ಎತ್ತಿ ಅವಳ ಬಲಮಂಡಿ ಸವೆದು ಹೋಗಿತ್ತು. ಹೊಸ ಮಂಡಿ ಕೂರಿಸುತ್ತೇವೆ ಎಂದು ಆಸ್ಪತ್ರೆಯವರು ಸರದಿಯಲ್ಲಿ ಹೆಸರು ಹಾಕಿಕೊಂಡಿದ್ದರು. ಆ ಸರದಿ ಎಷ್ಟು ಉದ್ದವೆಂದರೆ ತಲೆಯ ಕಡೆ ಬಿಸಿಲಿದ್ದಾಗ ಬಾಲದ ಕಡೆ ಹಿಮ ಬೀಳುತ್ತಿತ್ತು. ಅಲ್ಲಿಯವರೆಗೆ ಆಕೆಗಿದ್ದ ಒಂದೇ ಔಷಧ ಮಿಲ್ ಬೀದಿಯ ಈಜುಕೊಳ. ವಿಕ್ಟೋರಿಯಾ ರಾಣಿಯ ಕಾಲದ ಕಟ್ಟಡ, ಗೋಡೆಗೆಲ್ಲ ಹಸಿರು ಬಿಳಿ ಹೆಂಚುಬಿಲ್ಲೆ, ಚಾವಣಿಗೆ ಗಾಜು, ನೀರು ಬೆಚ್ಚಗೆ. ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆದ ತಕ್ಷಣ ಕುಂಟುತ್ತ ಒಳಗೆ ಹೋಗುವ ಬೆರಿಲ್, ನೀರಿಗಿಳಿದ ಮೇಲೆ ಹದಿನೆಂಟರ ಹುಡುಗಿ. ಈಜಿ ಬಂದ ದಿನ ಮೆಟ್ಟಿಲು ಹತ್ತುತ್ತಿದ್ದಳು. ಈಜದ ದಿನ ಕೆಳಗಿನ ಕೋಣೆಯ ಸೋಫಾದ ಮೇಲೆಯೇ ಮಲಗುತ್ತಿದ್ದಳು.

ಅವಳ ಜೊತೆ ನೀರಿಗಿಳಿಯುವ ಇನ್ನೂ ಆರೇಳು ಹೆಂಗಸರಿದ್ದರು. ಅವರಿಗೆ ನಾಯಕಿ ಗ್ಲೆನಿಸ್ ಹಾಲಿವೆಲ್, ಹಿಂದೆ ಚಪ್ಪಲಿ ಕಾರ್ಖಾನೆಯಲ್ಲಿ ಮಾಲೀಕರ ಕಣ್ಣಲ್ಲಿ ನೀರು ತರಿಸಿದ ಸಂಘದ ಮುಂದಾಳು. ಗ್ಲೆನಿಸ್‌ಳ ಚಹಾ ಕೆಟಲ್ ಕೆಂಪು, ಈಜುಟೋಪಿ ಕೆಂಪು, ನೀಲಿ ಪಕ್ಷದವರು ಬಾಗಿಲು ತಟ್ಟಿದರೆ ಮುಖವೂ ಕೆಂಪು. ಈಜು ಮುಗಿದ ಮೇಲೆ ಹೆಂಗಸರೆಲ್ಲ ಬೆಂಚಿನ ಮೇಲೆ ಟವೆಲ್ ಹೊದ್ದು ಕೂತು ಒಂದೇ ಫ್ಲಾಸ್ಕಿನ ಚಹಾ ಹಂಚಿಕೊಳ್ಳುವುದು ರೂಢಿ. ಬೆರಿಲ್‌ಗೆ ನೀರಿನಷ್ಟೇ ಆ ಬೆಂಚೂ ಬೇಕಾಗಿತ್ತು.

ಹೋದ ವರ್ಷ ಪುರಸಭೆಯವರು ಈಜುಕೊಳ ಮುಚ್ಚುವ ಮಾತು ತೆಗೆದರು. ಮುದುಕರ ಆರೈಕೆಗೆ ದುಡ್ಡೆಲ್ಲ ಹೋಗುತ್ತದೆ, ಈಜಿಗೆ ಉಳಿಯುವುದಿಲ್ಲ ಎಂದರು. ಈಜುವವರೂ ಮುದುಕರೇ ಎಂದು ಯಾರೋ ಹೇಳಿದ್ದಕ್ಕೆ, ಅದು ಬೇರೆ ಇಲಾಖೆ ಎಂದರು. ಪುರಸಭೆಯಲ್ಲಿ ಮುಚ್ಚಬೇಕೆನ್ನುವವರೂ ಬೇಡವೆನ್ನುವವರೂ ಸರಿಸಮ. ಇಂಥ ಹೊತ್ತಿಗೆ ನಮ್ಮ ವಾರ್ಡಿನ ಸದಸ್ಯ ರಾಜೀನಾಮೆ ಕೊಟ್ಟು ಸ್ಪೇನಿಗೆ ಹೋಗಿ ನೆಲೆಸಿದ. ಅಲ್ಲಿ ಸಮುದ್ರವಿದೆ, ಅವನಿಗೇನು. ಖಾಲಿ ಜಾಗಕ್ಕೆ ಉಪಚುನಾವಣೆ ಗೊತ್ತಾಯಿತು. ಇಲ್ಲಿ ಗೆದ್ದವನು ಕೈ ಎತ್ತಿದ ಕಡೆಗೆ ಈಜುಕೊಳ.

ಸಂಕಟ ಶುರುವಾದದ್ದು ಇಲ್ಲಿ. ಮುಚ್ಚಲೇಬೇಕು ಎಂದವನು ಕೆಂಪು ಪಕ್ಷದ ಗಾರೆತ್ ಲೋಮ್ಯಾಕ್ಸ್. ಮುಚ್ಚುವುದಿಲ್ಲ ಎಂದವನು ನೀಲಿ ಪಕ್ಷದ ಜೈಲ್ಸ್ ಫೇರ್‌ಕ್ಲಫ್, ಮನೆ ಮಾರಾಟದ ದಲ್ಲಾಳಿ. ಮೋರಿಯ ಪಕ್ಕದ ಮನೆಯನ್ನು ನದೀತೀರದ ನಿವಾಸ ಎಂದು ಮಾರಿದವನು.

ಲೋಮ್ಯಾಕ್ಸ್ ಮತ ಕೇಳಲು ಬಂದಾಗ ಬೆರಿಲ್ ಕೂರಿಸಿ ಚಹಾ ಕೊಟ್ಟಳು. ಆತ ತುಂಬ ನೊಂದ ಮುಖ ಮಾಡಿ, ಕಠಿಣ ನಿರ್ಧಾರ ತೆಗೆದುಕೊಳ್ಳಬೇಕಾದ ಕಾಲ ಇದು ಎಂದ. ಕಠಿಣ ಎಂಬ ಮಾತನ್ನು ಹೇಳುವಾಗಲೆಲ್ಲ ಒಂದೊಂದು ಬಿಸ್ಕತ್ತು ಮೃದುವಾಗಿ ಎತ್ತಿಕೊಂಡ. ನಮ್ಮೂರಿನಲ್ಲಿ ಬಾಗಿಲಿಗೆ ಬಂದವನಿಗೆ ಇಲ್ಲ ಎನ್ನುವುದು ಸಭ್ಯತೆಯಲ್ಲ. ತನ್ನನ್ನು ನಂಬಬಹುದೆಂದು ಬೆರಿಲ್ ಹೇಳಿದಳು. ಆಕೆ ಮತವನ್ನೇ ಹಾಕುವವಳಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದರೂ ಆತ ಸಂತೋಷವಾಗಿ ತನ್ನ ಪಟ್ಟಿಯಲ್ಲಿ ಗುರುತು ಹಾಕಿಕೊಂಡು ಹೋದ. ಫೇರ್‌ಕ್ಲಫ್ ಬಂದಾಗ ಹೊಸಲಿನ ಆಚೆಯೇ ನಿಲ್ಲಿಸಿ ಬೈದು ಕಳಿಸಿದಳು. ಆದರೆ ಗೇಟಿನ ತನಕ ಹೋದವನನ್ನು ಮತ್ತೆ ಕರೆದು, ಈಜುಕೊಳದ ಮಾತು ನಿಜವೇ ಎಂದು ಕೇಳಿದಳು. ಅವನು ಎದೆ ಮುಟ್ಟಿಕೊಂಡ. ಮತ್ತೆ ಬೈದು ಕಳಿಸಿದಳು.

ಆ ವಾರವೆಲ್ಲ ಗೋಡೆಯಾಚೆ ನಿಶ್ಶಬ್ದ. ದೇಶದಲ್ಲಿ ಏನಾಗುತ್ತಿದೆಯೆಂದು ನನಗೆ ತಿಳಿಯದೆ ಹೋಯಿತು.

ಬೆರಿಲ್ ಲೆಕ್ಕ ಹಾಕುತ್ತಿದ್ದಳು. ಒಪ್ಪಂದದಂತೆ ಇಬ್ಬರೂ ಮೋರ್ಕಂಬ್‌ಗೆ ಹೋದರೆ ಫೇರ್‌ಕ್ಲಫ್‌ಗೆ ಕ್ಲಿಫ್‌ನ ಮತ ತಪ್ಪುತ್ತದೆ, ಕೊಳ ಮುಚ್ಚುತ್ತದೆ, ತಾನು ಸೋಫಾ ಸೇರುತ್ತೇನೆ. ಹೋಗಿ ನಿನ್ನ ಮತ ಹಾಕಿ ಬಾ ಎಂದು ಕ್ಲಿಫ್‌ಗೆ ಹೇಳಿದರೆ, ಇಷ್ಟು ವರ್ಷದ ವಾದದಲ್ಲಿ ಸೋತಂತೆ. ಸಾಯುವ ತನಕ ಅವನು ಅದನ್ನು ದಿನಕ್ಕೆರಡು ಸಲ ಚಹಾದ ಜೊತೆ ಬಡಿಸುತ್ತಾನೆ. ಉಳಿದದ್ದು ಮೂರನೆಯ ದಾರಿ. ಅದನ್ನು ನೆನೆದರೆ ಅಪ್ಪ ಗೋರಿಯಲ್ಲಿ ಮಗ್ಗುಲು ಬದಲಿಸಿದ ಸದ್ದು ಕೇಳುತ್ತಿತ್ತಂತೆ.

ಮತಗಟ್ಟೆ ಹಿಂದೆಲ್ಲ ಶಾಲೆಯಲ್ಲಿ ಇರುತ್ತಿತ್ತು. ಮಕ್ಕಳ ಪಾಠ ಕೆಡುತ್ತದೆಂದು ತಾಯಂದಿರು ತಕರಾರು ತೆಗೆದದ್ದರಿಂದ ಈ ಸಲ ಈಜುಕೊಳದ ಮುಂದಿನ ಹಜಾರಕ್ಕೆ ಬಂತು. ಬಾಗಿಲಲ್ಲಿ ಫಲಕ ತೂಗಿದ್ದರು. ಬೆರಿಲ್‌ಗೆ ಅದು ವರವಾಗಿ ಕಂಡಿತು. ಬೆಳಗ್ಗೆ ಎಂದಿನಂತೆ ಟವೆಲ್ ಸುತ್ತಿಕೊಂಡು ಹೊರಡುವುದು, ಹಜಾರದಲ್ಲಿ ಆ ಕೆಲಸ ಮುಗಿಸುವುದು, ಈಜುವುದು, ಒದ್ದೆ ತಲೆಯಲ್ಲಿ ನೇರ ಬಸ್ ನಿಲ್ದಾಣಕ್ಕೆ ಹೋಗಿ ಕ್ಲಿಫ್‌ನನ್ನು ಸೇರುವುದು. ದೇವರಿಗೂ ಅನುಮಾನ ಬರುವಂತಿಲ್ಲ. ಫಲಕದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಒಂದು ಸಾಲಿತ್ತು. ಈಜಲು ಹೋಗುವಾಗ ಬೆರಿಲ್ ಕನ್ನಡಕ ಹಾಕುವುದಿಲ್ಲ.

ಗುರುವಾರ ಬೆಳಗ್ಗೆ ಹೋದಳು. ಹಜಾರದ ಮೇಜಿನ ಹಿಂದೆ ಕೂತಿದ್ದವಳು ನಸ್ರೀನ್ ಮಾಲಿಕ್, ಶಾಲೆಯ ಶಿಕ್ಷಕಿ, ಚಿಕ್ಕಂದಿನಲ್ಲಿ ಅದೇ ಕಸ್ಟರ್ಡ್ ತಿಂದವಳು. ಈಗ ಮತ ಹಾಕಲು ಫೋಟೋ ಇರುವ ಗುರುತು ತೋರಿಸಬೇಕೆಂದು ಕಾನೂನು ಬಂದಿದೆ. ಮುದುಕರಿಗೆ ಬಸ್ ಪಾಸ್ ನಡೆಯುತ್ತದೆ. ಬೆರಿಲ್ ಪಾಸ್ ತೋರಿಸಿ, ಚೀಟಿ ತೆಗೆದುಕೊಂಡು ಮರೆಗೆ ಹೋದಳು. ದಾರಕ್ಕೆ ಕಟ್ಟಿದ್ದ ಪೆನ್ಸಿಲ್ ಎಂಟು ಮಣ ಭಾರವಿತ್ತೆಂದು ಆಮೇಲೆ ಹೇಳಿದಳು. ಕಣ್ಣು ಮುಚ್ಚಿ ಗುರುತು ಹಾಕಿ, ಸರಿಯಾದ ಕಡೆ ಬಿತ್ತೇ ಎಂದು ಒಂದು ಕಣ್ಣು ತೆರೆದು ನೋಡಿ, ಪೆಟ್ಟಿಗೆಗೆ ಹಾಕಿ, ಈಜುಕೊಳದ ಬಾಗಿಲು ತಳ್ಳಿದಳು. ಬೀಗ.

"ಇವತ್ತು ಈಜು ಇಲ್ಲ, ಮಿಸೆಸ್ ಗ್ರಿಮ್‌ಶಾ," ಎಂದಳು ನಸ್ರೀನ್. "ಹೊರಗೆ ಬರೆದಿದೆಯಲ್ಲ."

ಮನೆಗೆ ಹೋಗುವಂತಿಲ್ಲ. ಬೆರಿಲ್ ಪ್ರಾರ್ಥನಾ ಮಂದಿರದ ಹಿಂದಿನ ಬೆಂಚಿನ ಮೇಲೆ, ಪಾರಿವಾಳಗಳ ನಡುವೆ, ಒಣ ಟವೆಲ್ ತೊಡೆಯ ಮೇಲಿಟ್ಟುಕೊಂಡು, ಈಜುವಷ್ಟು ಹೊತ್ತು ಕೂತು ಎದ್ದಳು.

ಮುದುಕರ ಪಾಸು ಬೆಳಗ್ಗೆ ಒಂಬತ್ತೂವರೆಗೆ ಮೊದಲು ಬಸ್ಸಿನಲ್ಲಿ ನಡೆಯುವುದಿಲ್ಲ. ಒಂಬತ್ತೂವರೆಗೆ ನಿಲ್ದಾಣದಲ್ಲಿ ಗಂಡ ಹೆಂಡತಿ ಸೇರಿದರು. ನಾನೂ ಅಲ್ಲಿದ್ದೆ, ಹಲ್ಲಿನ ಡಾಕ್ಟರನ್ನು ಹುಡುಕಿಕೊಂಡು ಹೋಗುವವನು. ನಮ್ಮ ಜಿಲ್ಲೆಯಲ್ಲಿ ಆ ಸಂತತಿಯೇ ಅಳಿದು ಹೋಗಿ ಕೆಲವು ವರ್ಷವಾಯಿತು. ಕ್ಲಿಫ್ ಪತ್ರಿಕೆ ಹಿಡಿದಿದ್ದ. ಹೆಂಡತಿಯ ತಲೆ ನೋಡಿದ, ಟವೆಲ್ ನೋಡಿದ. ನೀರು ಹೇಗಿತ್ತು ಎಂದು ದಿನಾ ಕೇಳುವವನು ಅವತ್ತು ಕೇಳಲಿಲ್ಲ. ಬಸ್ಸು ಬಂತು. ಕ್ಲಿಫ್ ಜೇಬು ತಡಕಿದ. ಎಡಜೇಬು, ಬಲಜೇಬು, ಟೋಪಿಯ ಒಳಗೆ. ಹಿಂದೆ ನಿಂತವರಿಗೆ ಗಡ್ಡ ಬೆಳೆಯುವಷ್ಟು ಹೊತ್ತು ತಡಕಿದ. ಪಾಸ್ ಇರಲಿಲ್ಲ.

ಆಗ ರಸ್ತೆಯಾಚೆಯ ಈಜುಕೊಳದಿಂದ ನಸ್ರೀನ್ ಓಡಿ ಬಂದಳು.

"ಗ್ರಿಮ್‌ಶಾ ಅವರೇ, ನಿಮ್ಮ ಪಾಸ್. ನನ್ನ ಮೇಜಿನ ಮೇಲೇ ಬಿಟ್ಟು ಬಂದಿದ್ದೀರಿ."

ಅವಳು ಕೊಟ್ಟು ಹೋದಳು. ಡ್ರೈವರ್ ಎಂಜಿನ್ ಆರಿಸಿದ. ಇಂಥದ್ದು ದಿನಾ ಸಿಗುವುದಿಲ್ಲವೆಂದು ಅವನಿಗೂ ಗೊತ್ತು.

"ಅವಳ ಮೇಜಿನ ಮೇಲೆ ನಿನ್ನ ಪಾಸ್‌ಗೆ ಏನು ಕೆಲಸ?" ಎಂದಳು ಬೆರಿಲ್.

ಕ್ಲಿಫ್ ನಿಧಾನವಾಗಿ ಪಾಸನ್ನು ಜೇಬಿಗಿಟ್ಟ.

"ಹೇಳ್ತೀನಿ. ಮೊದಲು ಆ ಟವೆಲ್ ಕೊಡು, ಹಿಂಡಿ ನೋಡೋಣ."

ಈಜುಕೊಳಕ್ಕೆ ಬೀಗ ಬಿದ್ದದ್ದು ಅವನಿಗೆ ಆಗಲೇ ಗೊತ್ತಿತ್ತು. ಗೊತ್ತಾದದ್ದು ಹೇಗೆಂದು ಹೇಳಲಾರದೆ ಅಲ್ಲಿಯ ತನಕ ಬಾಯಿ ಕಟ್ಟಿಕೊಂಡಿದ್ದ. ಬೆರಿಲ್ ಟವೆಲ್ ಕೊಡಲಿಲ್ಲ. ಇಬ್ಬರೂ ಬಸ್ಸು ಹತ್ತಿ ಬೇರೆ ಬೇರೆ ಸೀಟಿನಲ್ಲಿ ಕೂತರು. ಮದುವೆಯಾದ ಮೇಲೆ ಅದೇ ಮೊದಲು.

ಮೋರ್ಕಂಬ್‌ನಲ್ಲಿ ನಡೆದದ್ದನ್ನು ಕ್ಲಿಫ್ ನನಗೆ ಹೇಳಿದ. ಅಂದು ಗಾಳಿ ಎಷ್ಟು ಜೋರಿತ್ತೆಂದರೆ ಒಬ್ಬರು ವಿನೆಗರ್ ಹಾಕಿಕೊಂಡರೆ ಪಕ್ಕದ ಬೆಂಚಿನವರ ಚಿಪ್ಸ್ ಹುಳಿಯಾಗುತ್ತಿತ್ತು. ಅರ್ಧ ಮೀನು ತಿಂದ ಮೇಲೆ ಕ್ಲಿಫ್ ಒಪ್ಪಿಕೊಂಡ.

"ಹಾಕಿದೆ ಕಣೇ. ಫೇರ್‌ಕ್ಲಫ್‌ಗೇ ಹಾಕಿದೆ. ಅವನ ಮುಖ ನೋಡಿ ಅಲ್ಲ, ನಿನ್ನ ಮಂಡಿ ನೋಡಿ. ಮಾತು ಮುರಿದಿದ್ದು ತಪ್ಪು. ನೀನು ಮೆಟ್ಟಿಲು ಹತ್ತಬೇಕಿತ್ತು, ಅಷ್ಟೇ."

ಬೆರಿಲ್ ಒಂದು ಚಿಪ್ಸ್ ಎತ್ತಿ ಕಡಲಹಕ್ಕಿಗೆ ಎಸೆದಳು.

"ಆದ್ರೆ ನೀನು? ನಿನ್ನ ಈಜುಕೊಳಕ್ಕೇ ಹೋಗಿ, ಅದನ್ನೇ ಮುಚ್ಚೋಕೆ ಮತ ಹಾಕಿ ಬಂದ್ಯಲ್ಲ. ಆ ಲೋಮ್ಯಾಕ್ಸ್‌ಗೋಸ್ಕರ?"

ಬಾಯಿಬಿಟ್ಟು ನಿಜ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಒಪ್ಪಂದ ಮುರಿದವಳು ಎನ್ನಿಸಿಕೊಳ್ಳುವುದು ಒಂದು, ನೀಲಿಗೆ ಮತ ಹಾಕಿದವಳು ಎನ್ನಿಸಿಕೊಳ್ಳುವುದು ಇನ್ನೊಂದು.

"ನಾನು ಯಾವ ಪಕ್ಷದೋಳು ಅಂತ ಊರಿಗೆಲ್ಲ ಗೊತ್ತು," ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ರಾತ್ರಿ ಶಾಲೆಯ ಹಾಲ್‌ನಲ್ಲಿ ಎಣಿಕೆ. ಎಣಿಸಿದರು, ನಂಬದೆ ಮತ್ತೆ ಎಣಿಸಿದರು, ಸೋತವನು ಕೇಳಿದನೆಂದು ಇನ್ನೊಮ್ಮೆ ಎಣಿಸಿದರು. ಒಂದೇ ಮತದಿಂದ ಫೇರ್‌ಕ್ಲಫ್ ಗೆದ್ದ. ಲೋಮ್ಯಾಕ್ಸ್ ತನ್ನ ಪಟ್ಟಿಯನ್ನು ತಿರುತಿರುಗಿಸಿ ನೋಡಿದ. ಅವನ ಗುರುತುಗಳ ಪ್ರಕಾರ ಅವನು ಗೆದ್ದು, ಮೇಯರ್ ಆಗಿ, ಮಂತ್ರಿಯೂ ಆಗಬೇಕಾಗಿತ್ತು. ವಾರ್ಡಿನ ಪ್ರತಿಯೊಂದು ಬಾಗಿಲೂ ಅವನಿಗೆ ಹೌದು ಎಂದಿತ್ತು.

ಈಜುಕೊಳ ಉಳಿಯಿತು. ಬೆರಿಲ್‌ಗೆ ನಿದ್ದೆ ಬರಬೇಕಾಗಿತ್ತು. ಆದರೆ ಕ್ಲಿಫ್ ಮರುದಿನ ಪಬ್ಬಿಗೆ ಹೋದ.

ಅವನು ದೂರಲು ಹೋದದ್ದಲ್ಲ. ಬೆರಗು ತಡೆಯಲಾರದೆ ಹೇಳಿದ, ಹೆಮ್ಮೆಯಿಂದಲೇ ಹೇಳಿದ. ನನ್ನ ಹೆಂಡತಿಯ ನಿಷ್ಠೆ ನೋಡಿ, ಮಂಡಿ ಹೋದರೂ ಪಕ್ಷ ಬಿಡಲಿಲ್ಲ, ತಾನು ಈಜುವ ನೀರನ್ನೇ ಬತ್ತಿಸಲು ಮತ ಹಾಕಿ ಬಂದಳು, ಪುಣ್ಯಕ್ಕೆ ನನ್ನದೊಂದು ಮತ ಅವಳದನ್ನು ಹೊಡೆದುಹಾಕಿತು ಎಂದ. ಥಾರ್ನ್‌ಬೆಕ್‌ನಲ್ಲಿ ಮಾತು ಬಸ್ಸಿಗಿಂತ ಬೇಗ ಹೋಗುತ್ತದೆ. ಬಸ್ಸಿಗಿಂತ ಬೇಗ ಹೋಗುವುದು ದೊಡ್ಡ ವಿಷಯವೇನಲ್ಲ ಎಂಬುದನ್ನೂ ಹೇಳಬೇಕು. ಶನಿವಾರ ಬೆಳಗ್ಗೆ ಬೆರಿಲ್ ನೀರಿಗಿಳಿದಾಗ ಹೆಂಗಸರೆಲ್ಲ ಆ ತುದಿಗೆ ಸರಿದರು. ಈಜು ಮುಗಿದ ಮೇಲೆ ಬೆಂಚಿನ ಮೇಲೆ ಅವಳಿಗೆ ಜಾಗವಿರಲಿಲ್ಲ. ಫ್ಲಾಸ್ಕ್ ಅವಳನ್ನು ದಾಟಿ ಹೋಯಿತು.

ಇದು ಒಂದು ದಿನದ ಮುನಿಸಲ್ಲ. ನಮ್ಮವರು ಕೂಗಾಡುವುದಿಲ್ಲ, ಬೈಯುವುದಿಲ್ಲ. ಹವಾಮಾನದ ಬಗ್ಗೆ ಮಾತಾಡುವುದನ್ನು ನಿಲ್ಲಿಸುತ್ತಾರೆ. ಇಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಹೊರಗೆ ಕಲ್ಲು ಕರಗುವಂಥ ಮಳೆ ಸುರಿದರೂ ಬೆರಿಲ್‌ಗೆ ಯಾರೂ ಏನು ಮಳೆ ಎನ್ನಲಿಲ್ಲ. ವಾರಗಟ್ಟಲೆ ಹೀಗೇ ನಡೆಯಿತು. ಮಂಡಿ ಮೆಟ್ಟಿಲು ಹತ್ತುತ್ತಿತ್ತು, ಬೆರಿಲ್ ಮಾತ್ರ ಕುಗ್ಗುತ್ತಿದ್ದಳು. ನಿಜ ಹೇಳಿದರೆ ಬೆಂಚು ಸಿಗಬಹುದು. ಆದರೆ ಹೇಳಬೇಕಾದದ್ದು ಗ್ಲೆನಿಸ್ ಹಾಲಿವೆಲ್‌ಗೆ. ಕೊಳ ಮುಚ್ಚಲು ಹೊರಟವಳನ್ನು ಮಾತು ಬಿಟ್ಟು ಶಿಕ್ಷಿಸಿದವಳು, ನೀಲಿಗೆ ಮತ ಹಾಕಿದವಳನ್ನು ನೀರಿನಲ್ಲಿ ಮುಳುಗಿಸಿಬಿಟ್ಟಾಳು.

ಒಂದು ಬೆಳಗ್ಗೆ ಗ್ಲೆನಿಸ್ ತಾನಾಗಿಯೇ ಮಾತಾಡಿದಳು.

"ಬೆರಿಲ್, ಈ ನೀರು ನಿನಗೆ ಬೇಡ್ವಾಗಿತ್ತಲ್ಲ. ಮತ್ಯಾಕಮ್ಮ ದಿನಾ ಬಂದು ಇಳೀತೀಯ?"

ಬೆರಿಲ್ ಆಳದ ತುದಿಯಲ್ಲಿ ಕಂಬಿ ಹಿಡಿದು ನಿಂತಿದ್ದಳು. ಕೈ ಬಿಟ್ಟರೂ ಮುಳುಗುವುದೇ, ಬಾಯಿ ಬಿಟ್ಟರೂ ಮುಳುಗುವುದೇ.

"ಬೇಕಾಗಿತ್ತು ಅಂತಾನೇ ನೀಲಿಗೆ ಹಾಕಿದ್ದು," ಎಂದಳು.

ಮೆಲ್ಲಗೆ ಹೇಳಿದ್ದಳು ಪಾಪ. ಆದರೆ ವಿಕ್ಟೋರಿಯಾ ಕಾಲದ ಹೆಂಚುಬಿಲ್ಲೆಯ ಗೋಡೆ ಯಾವುದನ್ನೂ ಮೆಲ್ಲಗೆ ಇಟ್ಟುಕೊಳ್ಳುವುದಿಲ್ಲ. ನೀಲಿಗೆ ಹಾಕಿದ್ದು, ನೀಲಿಗೆ ಹಾಕಿದ್ದು ಎಂದು ಕಟ್ಟಡವೆಲ್ಲ ಹೇಳಿತು. ಚಾವಣಿಯ ಗಾಜಿಗೆ ಬಡಿದು ಇನ್ನೊಮ್ಮೆ ಕೆಳಗಿಳಿಯಿತು. ಹೆಂಗಸರೆಲ್ಲ ಈಜು ನಿಲ್ಲಿಸಿದರು. ನೀರೂ ಅಲುಗಲಿಲ್ಲ. ಗ್ಲೆನಿಸ್ ತನ್ನ ಕೆಂಪು ಟೋಪಿಯನ್ನು ಕಿತ್ತು ನೋಡಿದಳು, ಹಿಂಡಿದಳು, ಮತ್ತೆ ಹಾಕಿಕೊಂಡಳು.

"ಆ ಪೆನ್ಸಿಲ್," ಎಂದಳು ಕೊನೆಗೆ, "ನಿನಗೂ ಭಾರ ಅನ್ನಿಸ್ತಾ?"

ಬೆರಿಲ್ ಅವಳ ಮುಖ ನೋಡಿದಳು.

"ನನಗೆ ಎರಡು ಕೈಯಲ್ಲಿ ಹಿಡೀಬೇಕಾಯ್ತು ಕಣೇ," ಎಂದಳು ಗ್ಲೆನಿಸ್. "ಮನೆಗೆ ಹೋಗಿ ಕೈ ತೊಳೆದೆ."

ಆಮೇಲೆ ಒಬ್ಬೊಬ್ಬರಾಗಿ ಹೊರಬಂತು. ಒಬ್ಬಳು ಗಂಡನಿಗೆ ಹೇಳಿರಲಿಲ್ಲ, ಒಬ್ಬಳು ಮಗನಿಗೆ. ಒಬ್ಬಳು ದೇವರಿಗೂ ಹೇಳಿರಲಿಲ್ಲ. ಆ ಭಾನುವಾರ ನೆಗಡಿಯೆಂದು ಪ್ರಾರ್ಥನೆ ತಪ್ಪಿಸಿಕೊಂಡಿದ್ದಳು. ಏಳು ಗಂಟೆಯ ಹೆಂಗಸರು, ಹುಟ್ಟು ಕೆಂಪಿನವರು, ಅವರಲ್ಲಿ ಒಬ್ಬಳೂ ಲೋಮ್ಯಾಕ್ಸ್‌ಗೆ ಹಾಕಿರಲಿಲ್ಲ. ತನ್ನ ಗುಟ್ಟು ಬಯಲಾದೀತೆಂಬ ಹೆದರಿಕೆಗೆ ಒಬ್ಬೊಬ್ಬಳೂ ಬೆರಿಲ್‌ಳ ಮೇಲೆ ಇನ್ನೊಬ್ಬಳಿಗಿಂತ ಹೆಚ್ಚು ಮುಖ ಗಂಟಿಕ್ಕಿದ್ದಳು. ಆ ದಿನ ಫ್ಲಾಸ್ಕಿನ ಚಹಾ ಬೆರಿಲ್‌ಗೇ ಮೊದಲು ಬಂತು. ಯಾರಿಗೂ ಹೇಳಬಾರದೆಂದು ಆಣೆ ಹಾಕಿಕೊಂಡರು. ಹೊರಗೆ ಎಂಥ ಮಳೆ, ಅಲ್ಲವೇ ಎಂದಳು ಗ್ಲೆನಿಸ್. ಅದಕ್ಕೆ ಬೆರಿಲ್ ಅತ್ತಳೆಂದು ಕೇಳಿದ್ದೇನೆ. ತಲೆ ಒದ್ದೆಯಿದ್ದುದರಿಂದ ಖಚಿತವಾಗಿ ಹೇಳುವವರಿಲ್ಲ.

ಮನೆಗೆ ಬಂದು ಅವಳು ಕ್ಲಿಫ್‌ಗೆ ತಾನೇ ಹೇಳಿದಳು. ನಾನು ಗೋಡೆಗೆ ಕಿವಿ ಕೊಟ್ಟಿರಲಿಲ್ಲ. ನಮ್ಮ ಗೋಡೆಯೇ ಅಷ್ಟು ಹತ್ತಿರ ಬರುತ್ತದೆ. ಕ್ಲಿಫ್ ಕುರ್ಚಿ ಎಳೆದು ಎದ್ದ. ಚಹಾ ಬಗ್ಗಿಸಿದ ಸದ್ದು ಕೇಳಿತು.

"ಅಂದ್ರೆ," ಎಂದ, "ನಾವಿಬ್ರೂ ಹೋಗದೆ ಇದ್ದಿದ್ರೆ ಒಂದು ಮತದಲ್ಲಿ ಲೋಮ್ಯಾಕ್ಸ್ ಗೆದ್ದಿರ್ತಿದ್ದ."

"ಹೂಂ."

"ಮದುವೆ ಆದಮೇಲೆ ನಾವಿಬ್ರೂ ಒಂದು ಮಾತಿಗೆ ಒಪ್ಪಿದ್ದು ಇದೇ ಮೊದಲು ಕಣೇ."

"ಇದೇ ಕೊನೇದೂ ಕೂಡ," ಎಂದಳು ಬೆರಿಲ್. "ಪಬ್ಬಿಗೆ ಹೋಗಿ ಹೇಳಿದ್ಯೋ, ಸೋಫಾ ಮೇಲೆ ನೀನು ಮಲಗ್ತೀಯ."

ಅವನು ಹೋಗಿ ಹೇಳಿದ. ಹೆಂಡತಿಯ ಹೆಸರು ಸರಿಮಾಡಬೇಕಿತ್ತಲ್ಲ. ಪಬ್ಬಿನಲ್ಲಿ ಒಬ್ಬನೂ ನಂಬಲಿಲ್ಲ. ಬೆರಿಲ್ ಗ್ರಿಮ್‌ಶಾ ನೀಲಿಗೆ ಹಾಕುವುದೆಂದರೆ ಮೋರ್ಕಂಬ್‌ನ ಸಮುದ್ರ ಸಿಹಿಯಾದ ಹಾಗೆ ಎಂದು ನಕ್ಕರು. ಹಾಗಾಗಿ ಹೆಂಗಸರ 'ಯಾರಿಗೂ ಗೊತ್ತಿಲ್ಲದ' ಗುಟ್ಟು ಊರಿಗೆಲ್ಲ ಗೊತ್ತಿದ್ದರೂ ಗುಟ್ಟಾಗಿಯೇ ಉಳಿಯಿತು. ಕ್ಲಿಫ್ ಮೂರು ರಾತ್ರಿ ಸೋಫಾದ ಮೇಲೆ ಮಲಗಿ, ಬೆನ್ನು ಹಿಡಿಸಿಕೊಂಡು, ಈಗ ಅವನೂ ಆಸ್ಪತ್ರೆಯ ಸರದಿಯಲ್ಲಿದ್ದಾನೆ.

ಫೇರ್‌ಕ್ಲಫ್ ಮಾತು ಉಳಿಸಿಕೊಂಡ. ಈಜುಕೊಳ ಮುಚ್ಚಲಿಲ್ಲ. ಆದರೆ ಚಳಿಗಾಲ ಬಂದ ಕೂಡಲೇ ಗ್ಯಾಸಿನ ಖರ್ಚು ಮಿತಿಮೀರಿದೆ ಎಂದು ನೀರಿನ ಬಿಸಿ ತಗ್ಗಿಸಿದರು. ಈಜುಕೊಳ ಉಳಿಸುತ್ತೇನೆ ಎಂದಿದ್ದೆ, ಬಿಸಿನೀರು ಎಂದಿರಲಿಲ್ಲ ಎಂದು ಆತ ಎದೆ ಮುಟ್ಟಿಕೊಂಡು ಹೇಳಿದ. ಕಠಿಣ ನಿರ್ಧಾರ ತೆಗೆದುಕೊಳ್ಳಬೇಕಾದ ಕಾಲವಂತೆ. ಈಗ ಬೆಳಗ್ಗೆ ಏಳಕ್ಕೆ ಹೆಂಗಸರು ನೀರಿಗಿಳಿದಾಗ ಏಳುವ ಕಿರಿಚಾಟಕ್ಕೆ ನಮ್ಮ ಬೀದಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಾರೆ.

ಆದರೂ ಬೆರಿಲ್ ಒಂದು ದಿನ ತಪ್ಪಿಸಿಲ್ಲ. ನಡುಗುತ್ತ ಮನೆಗೆ ಬರುತ್ತಾಳೆ, ಕೋಟು ಬಿಚ್ಚುವ ಮೊದಲೇ ಬೈಗುಳ ಶುರು. ನಿನ್ನೆಯೂ ಗೋಡೆಯಾಚೆ ಅದೇ.

"ನೋಡು ನನ್ನ ಬೆರಳು, ನೀಲಿ ತಿರುಗಿದೆ. ನಿಮ್ಮೋರ ಆಡಳಿತ ಅಂದ್ರೆ ಇದೇ ನೋಡು."

"ನಾನೊಬ್ಬನೇ ಗೆಲ್ಲಿಸಿದ್ನೇನೇ ಅವನ್ನ?"

ಆಚೆ ಕೋಟನ್ನು ಕುರ್ಚಿಗೆ ಎಸೆದ ಸದ್ದು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಕುಂಟದೆ, ಒಂದೇ ಸಮನೆ, ಮಹಡಿಯ ತನಕ. ಮೇಲಿನಿಂದ ಬೆರಿಲ್‌ಳ ದನಿ ಬಂತು.

"ಮೇ ತಿಂಗಳಲ್ಲಿ ಮತ್ತೆ ಚುನಾವಣೆ ಇದೆ ಕ್ಲಿಫ್. ಅವತ್ತು ಮೋರ್ಕಂಬ್‌ಗೆ ಹೋಗೋ ತನಕ ನಿನ್ನ ಪಾಸ್ ನನ್ನ ಹತ್ರ ಇರ್ಲಿ."

"ಕೊಡ್ತೀನಿ. ನಿನ್ನ ಟವೆಲ್ ನನ್ನ ಹತ್ರ ಇರ್ಲಿ."